ಎಣ್ಣೆ ಹೊಡೆದ ಮೇಲೆ ನೀಲಿ ಸ್ಪ್ರೂಸ್ ಅರ್ಧ ಹಸಿರಾಗಿದೆ, ಮರ ಸಾಯುತ್ತಿದೆಯಾ?

ಮಲ್ನಾಡ್ ಮಿಶಿಗನ್ | ಏಪ್ರಿಲ್ 21

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವಿರುವುದು ಮಿಶಿಗನ್‌ನಲ್ಲಿ. ಮನೆ ತಗೊಂಡಾಗ ಹಳೆಯ ಮಾಲೀಕರು ನೆಟ್ಟ ನೀಲಿ ಸ್ಪ್ರೂಸ್ ಎಂಬ ಎರಡು ಸೂಜಿ ಎಲೆಯ ಮರ ಜೊತೆಗೇ ಬಂದವು. ಒಂದು ಮುಂದೆ, ಒಂದು ಹಿತ್ತಲಲ್ಲಿ. ಮೈಗೆಲ್ಲ ವಿಭೂತಿ ಬಳಿದುಕೊಂಡು ನಿಂತ ಹಾಗೆ ಕಾಣುತ್ತವೆ. ನನ್ನ ಹೆಂಡತಿ ಈ ಮನೆ ಒಪ್ಪಿದ್ದೇ ಆ ಮರ ನೋಡಿ.

ಈ ತಿಂಗಳ ಮೊದಲ ವಾರ ಹಿತ್ತಲ ಮರದ ಕೊಂಬೆ ಕೆಳಗೆ ಬಿಳಿ ಹಾಳೆ ಹಿಡಿದು ಬಡಿದೆ. ರಾಗಿ ಕಾಳಿಗಿಂತ ಸಣ್ಣ ಹುಳ ಹಾಳೆ ಮೇಲೆ ಹರಿದಾಡಿದವು. ನುಸಿ. ಅಂಗಡಿಯಲ್ಲಿ ಕೇಳಿದರೆ ಗಿಡಕ್ಕೆ ಹೊಡೆಯುವ ಎಣ್ಣೆ ಕೊಟ್ಟರು. ಭಾನುವಾರ ಪಂಪು ಹೆಗಲಿಗೆ ಹಾಕಿಕೊಂಡು ಶುರು ಮಾಡಿದೆ, ಅರ್ಧ ಮರಕ್ಕೇ ಬಾಟಲಿ ಖಾಲಿ. ಉಳಿದದ್ದು ಮುಂದಿನ ವಾರ ಅಂತ ಬಿಟ್ಟೆ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಎಣ್ಣೆ ಬಿದ್ದ ಅರ್ಧ ಹಸಿರು, ಬೀಳದ ಅರ್ಧ ನೀಲಿ. ಕ್ಷೌರದ ಮಧ್ಯೆ ಎದ್ದು ಬಂದವನ ತಲೆ ಹಾಗೆ.

ಆಮೇಲೆ ಬಾಟಲಿ ಹಿಂದಿನ ಸಣ್ಣ ಅಕ್ಷರ ಓದಿದೆ. ನೀಲಿ ಸ್ಪ್ರೂಸ್‌ಗೆ ಹೊಡೆದರೆ ಬಣ್ಣ ಹೋಗಬಹುದು ಅಂತ ಬರೆದಿತ್ತು. ನನ್ನದೇ ತಪ್ಪು, ಇರಲಿ.

ಈಗ ಭಯ ಏನೆಂದರೆ, ಹತ್ತಿರ ಹೋಗಿ ನೋಡಿದಾಗ ಕೆಳಗಿನ ಕೊಂಬೆಗಳ ಒಳಭಾಗದ ಸೂಜಿಗಳು ಕಂದು, ಕೆಲವು ನೇರಳೆ ಕಂದು ಆಗಿವೆ, ಮುಟ್ಟಿದರೆ ಉದುರುತ್ತವೆ. ಹಸಿರಾದದ್ದು ರೋಗದ ಶುರುವಾ? ನೀಲಿ ವಾಪಸ್ ಬರುತ್ತದಾ?

ಲಾಲ್‌ಬಾಗ್ ವಾಕರ್ | ಏಪ್ರಿಲ್ 21

ಇನ್ನೊಂದು ಬಾಟಲಿ ತಂದು ಉಳಿದರ್ಧಕ್ಕೂ ಹೊಡೆದುಬಿಡಿ ಸರ್, ಮ್ಯಾಚ್ ಆಗುತ್ತೆ.

ಗಿಡಗಂಟಿ | ಏಪ್ರಿಲ್ 22

ಗಾಬರಿ ಬೇಡ. ನಿಮ್ಮ ಮರದಲ್ಲಿ ಎರಡು ಬೇರೆ ಬೇರೆ ಕತೆ ನಡೆಯುತ್ತಿರುವ ಹಾಗಿದೆ. ಎರಡನ್ನೂ ಗಂಟು ಹಾಕಬೇಡಿ.

ಮೊದಲು ಆ ನೀಲಿ. ಅದು ಬಣ್ಣವೇ ಅಲ್ಲ. ಒಂದು ಸೂಜಿಯನ್ನು ಬೆರಳಲ್ಲಿ ಉಜ್ಜಿ, ಕೆಳಗೆ ಸಾದಾ ಹಸಿರು. ಮೇಲಿರುವುದು ಮೇಣ. ಕಪ್ಪು ದ್ರಾಕ್ಷಿ ಮೇಲೆ ಒರೆಸಿದರೆ ಹೋಗುವ ಮಬ್ಬು ಇರುತ್ತದಲ್ಲ, ಅದರ ಜಾತಿ. ಬರಿಗಣ್ಣಿಗೆ ಪುಡಿ ಅನಿಸುತ್ತದೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಸಣ್ಣ ಸಣ್ಣ ಕೊಳವೆಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ, ಒಲೆ ಪಕ್ಕ ಸುರಿದ ಪುಳ್ಳೆ ರಾಶಿ ಹಾಗೆ. ಉದ್ದ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಭಾಗ ಅಷ್ಟೇ, ಒಳಗೆ ಟೊಳ್ಳು. ಸ್ಪ್ರೂಸ್, ಪೈನ್ ಕುಟುಂಬದಲ್ಲಿ ಈ ಕೊಳವೆಗಳ ಮುಖ್ಯ ಸಾಮಾನು ನೊನಾಕೊಸಾನ್-10-ಆಲ್ ಎಂಬ 29 ಇಂಗಾಲದ ಆಲ್ಕೋಹಾಲ್. ಹೆಸರು ಕೇಳಿ ಆಸೆ ಪಡಬೇಡಿ, ಕುಡಿಯುವ ಜಾತಿ ಅಲ್ಲ. ಈ ಕೊಳವೆಗಳು ಬೆಳಕನ್ನು ಚದುರಿಸುತ್ತವೆ, ಅದರಲ್ಲೂ ನೀಲಿ ಮತ್ತು ನೇರಳಾತೀತ ಕಡೆಯದನ್ನು ಜಾಸ್ತಿ. ಅದಕ್ಕೇ ಮರ ನೀಲಿ ಕಾಣುವುದು. ಎಣ್ಣೆ ಬಿದ್ದರೆ ಕೊಳವೆ ನೆನೆದು ಕುಸಿದು ಅಂಟಿಕೊಳ್ಳುತ್ತವೆ. ಚದುರಿಸಲು ಏನೂ ಉಳಿಯಲಿಲ್ಲ, ಒಳಗಿನ ಹಸಿರು ಕಂಡಿತು. ಅಷ್ಟೇ ಆಗಿರುವುದು.

ಕೊಳವೆ ಹೋದ ಮಾತ್ರಕ್ಕೆ ಸೂಜಿ ನಾಳೆಯೇ ಒಣಗುವುದಿಲ್ಲ. ನೀರು ಹಿಡಿದಿಡುವ ಕೆಲಸ ಹೆಚ್ಚಾಗಿ ಅದರ ಕೆಳಗಿನ ಗಟ್ಟಿ ಪದರದ್ದು, ಅದರೊಳಗೂ ಮೇಣ ಕೂತಿರುತ್ತದೆ.

ಎಣ್ಣೆ ಬೀಳದಿದ್ದರೂ ವಯಸ್ಸಾದ ಹಾಗೆ ಇದೇ ಆಗುತ್ತದೆ, ನಿಧಾನಕ್ಕೆ. ಮೇ ತಿಂಗಳಲ್ಲಿ ಚಿಗುರು ಬರುವಾಗ ಸೂಜಿ ಮೆತ್ತಗೆ, ತಿಳಿ ಹಸಿರು. ಬಲಿಯುತ್ತಾ ಮೇಣ ಹೊರಬಂದು ಕೊಳವೆ ಕಟ್ಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಜೋರಾಗಿ ನೀಲಿ. ಆಮೇಲೆ ಮಳೆ, ಧೂಳು, ಗಾಳಿಗೆ ಸೂಜಿಗೆ ಸೂಜಿ ತಿಕ್ಕುವುದು, ಚಳಿಗಾಲದಲ್ಲಿ ಹಾರಿ ಬರುವ ಹಿಮದ ಕಣ. ಕೊಳವೆಗಳು ಮುರಿದು, ಒಂದಕ್ಕೊಂದು ಬೆಸೆದು, ಕೊನೆಗೆ ಚಪ್ಪಟೆ ಹೊಪ್ಪಳೆ ಆಗುತ್ತವೆ. ಸ್ಪ್ರೂಸ್ ಸೂಜಿ ಐದಾರು ವರ್ಷ ಮರದಲ್ಲಿರುತ್ತದೆ, ಕೆಲವು ಇನ್ನೂ ಜಾಸ್ತಿ. ಹಾಗಾಗಿ ಒಂದೇ ರೆಂಬೆಯಲ್ಲಿ ತುದಿ ನೀಲಿ, ಬುಡದ ಕಡೆ ಮಂಕು ಹಸಿರು ಇರುವುದು ರೋಗ ಅಲ್ಲ, ವಯಸ್ಸು.

ಹಳೆಯ ಸೂಜಿಗೆ ಆ ನೀಲಿ ವಾಪಸ್ ಬರುವುದಿಲ್ಲ. ಈ ಮೇ ತಿಂಗಳ ಚಿಗುರು ನೀಲಿಯೇ ಬರುತ್ತದೆ.

ಕಂದು ಸೂಜಿಗೆ ಒಂದು ಕೆಲಸ ಮಾಡಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತಗೊಳ್ಳಿ. ಎಣ್ಣೆ ಬಿದ್ದ ಕಡೆಯಿಂದ ಒಂದು ರೆಂಬೆ, ಬೀಳದ ಕಡೆಯಿಂದ ಒಂದು, ಮುಂದಿನ ಮರದಿಂದ ಒಂದು ಕತ್ತರಿಸಿ. ರೆಂಬೆ ಮೇಲೆ ಪ್ರತಿ ವರ್ಷದ ಬೆಳವಣಿಗೆ ಶುರುವಾಗುವ ಕಡೆ ಹಳೆ ಮೊಗ್ಗಿನ ಸಿಪ್ಪೆಯ ಉಂಗುರ ಇರುತ್ತದೆ, ತುದಿಯಿಂದ ಹಿಂದಕ್ಕೆ ಎಣಿಸಿ. ಒಂದು ವರ್ಷದ್ದನ್ನು ಒಂದು ವರ್ಷದ್ದರ ಜೊತೆಗೇ ಹೋಲಿಸಿ, ಎರಡರದ್ದನ್ನು ಎರಡರ ಜೊತೆ. ಬೇರೆ ಬೇರೆ ವಯಸ್ಸಿನದನ್ನು ಪಕ್ಕ ಪಕ್ಕ ಇಟ್ಟರೆ ಎಲ್ಲವೂ ರೋಗದ ಹಾಗೆ ಕಾಣುತ್ತದೆ.

ತರಕಾರಿ ತಿಮ್ಮಣ್ಣ | ಏಪ್ರಿಲ್ 22

ಮೇಡಂ, ವಯಸ್ಸಾದರೆ ಮೇಣ ಹೋಗುತ್ತದೆ ಅಂತೀರಿ. ನಮ್ಮ ಬೂದುಗುಂಬಳದಲ್ಲಿ ಪೂರ್ತಿ ಉಲ್ಟಾ. ಎಳೆ ಕಾಯಿಗೆ ಬರೀ ರೋಮ, ಬೂದಿಯೇ ಇರುವುದಿಲ್ಲ. ಬಲಿತ ಮೇಲೆ ಬಿಳಿ ಬೂದಿ ಬರುತ್ತದೆ. ಬೂದಿ ಚೆನ್ನಾಗಿ ಕೂತ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಆಯುಧಪೂಜೆಗೆ ಕೊಳ್ಳುವವರೂ ಬೂದಿ ನೋಡಿಯೇ ಕೊಳ್ಳುತ್ತಾರೆ.

ಗಿಡಗಂಟಿ | ಏಪ್ರಿಲ್ 22

ಒಳ್ಳೆ ಪಾಯಿಂಟು ತಿಮ್ಮಣ್ಣ. ಕುಂಬಳ ಬಲಿಯುವವರೆಗೂ ಮೇಣ ಸುರಿಸುತ್ತಲೇ ಇರುತ್ತದೆ, ನಾವು ಕೊಯ್ಯುವುದು ಆ ಹೊತ್ತಿಗೆ. ಸ್ಪ್ರೂಸ್ ಸೂಜಿ ಹೆಚ್ಚಿನ ಮೇಣವನ್ನು ಮೊದಲ ಬೇಸಿಗೆಯಲ್ಲೇ ಹಾಕಿಬಿಡುತ್ತದೆ, ಆಮೇಲೆ ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ನಿಂತಿರುತ್ತದೆ. ನಿಮ್ಮ ಕುಂಬಳವನ್ನು ಐದು ವರ್ಷ ಬಳ್ಳಿಯಲ್ಲೇ ಬಿಟ್ಟರೆ ಅದರ ಬೂದಿಯೂ ಉಳಿಯುತ್ತಿರಲಿಲ್ಲ. ಕುಂಬಳವೂ ಉಳಿಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಕಪ್ಪುಕಾಡು | ಏಪ್ರಿಲ್ 23

ನಾನು ಜರ್ಮನಿಯ ಫ್ರೈಬುರ್ಗ್‌ನಲ್ಲಿರುವುದು, ಕಿಟಕಿ ತೆಗೆದರೆ ಬ್ಲಾಕ್ ಫಾರೆಸ್ಟ್ ಬೆಟ್ಟ. ಗಿಡಗಂಟಿ ಅವರು ಹೇಳಿದ್ದು ಸರಿ, ಆದರೆ ‘ಬರೀ ವಯಸ್ಸು’ ಅಂತ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಮೇಣಕ್ಕೂ ಆರೋಗ್ಯಕ್ಕೂ ಸಂಬಂಧ ಇದೆ.

1981ರಲ್ಲಿ ಇಲ್ಲಿನ ಡೇರ್ ಶ್ಪೀಗೆಲ್ ಪತ್ರಿಕೆ ‘ಕಾಡು ಸಾಯುತ್ತಿದೆ’ ಅಂತ ಮುಖಪುಟ ಮಾಡಿತು. ಹಾರ್ಟ್ಸ್, ಫಿಕ್ಟೆಲ್‌ಗೆಬಿರ್ಗೆ, ಬ್ಲಾಕ್ ಫಾರೆಸ್ಟ್, ಇಲ್ಲಿನ ಬೆಟ್ಟದ ಕಾಡುಗಳಲ್ಲಿ ಎಲ್ಲಾ ಕಡೆ ಸ್ಪ್ರೂಸ್ ಮರಗಳ ತಲೆ ಬೋಳಾಗುತ್ತಿತ್ತು. ಕಲ್ಲಿದ್ದಲು ಸುಟ್ಟ ಹೊಗೆಯ ಗಂಧಕ, ಆಮ್ಲ ಮಳೆ. ಆಗ ವಿಜ್ಞಾನಿಗಳು ಸೂಜಿಯ ಮೇಣದ ಹಿಂದೆ ಬಿದ್ದರು. ಹೊಗೆ ಇರುವ ಕಡೆಯ ಸೂಜಿಯಲ್ಲಿ ಕೊಳವೆಗಳು ಬೇಗ ಕುಸಿಯುತ್ತಿದ್ದವು. ಬ್ರಿಟನ್‌ನಲ್ಲಿ ಕೇಪ್ ಎಂಬುವರು 1983ರಲ್ಲಿ ಸ್ಕಾಟ್ಸ್ ಪೈನ್ ಸೂಜಿ ಮೇಲೆ ನೀರಿನ ಹನಿ ಇಟ್ಟು, ಹನಿಗೂ ಎಲೆಗೂ ನಡುವಿನ ಕೋನ ಅಳೆದರು. ಹೊಸ ಸೂಜಿಯಲ್ಲಿ ಹನಿ ಗುಂಡಗೆ ನಿಲ್ಲುತ್ತದೆ, ಹಳೆಯದರಲ್ಲಿ ಹರಡಿಕೊಳ್ಳುತ್ತದೆ. ಗಾಳಿ ಕೆಟ್ಟಿರುವ ಕಡೆ ಹರಡಿಕೊಳ್ಳುವ ಹಂತ ಬೇಗ ಬರುತ್ತದೆ. ಅಂದರೆ ಸೂಜಿಗೆ ಅಕಾಲದಲ್ಲಿ ಮುಪ್ಪು.

ಗಿಡಗಂಟಿ | ಏಪ್ರಿಲ್ 23

ಇದನ್ನು ಒಪ್ಪುತ್ತೇನೆ. ಆದರೆ ನೀವೇ ಹೇಳಿದ ಮಾತಿನಲ್ಲೇ ಉತ್ತರ ಇದೆ ನೋಡಿ, ‘ಬೇಗ’. ಮೇಣ ಹೋಗಿದೆಯಾ ಅನ್ನುವುದಲ್ಲ, ಅದೇ ವಯಸ್ಸಿನ ಇನ್ನೊಂದು ಸೂಜಿಗಿಂತ ಬೇಗ ಹೋಗಿದೆಯಾ ಅನ್ನುವುದು.

ಮೈಕ್ರೋಸ್ಕೋಪನ್ನೂ ಕಣ್ಣು ಮುಚ್ಚಿ ನಂಬಬಾರದು. ನಾನು ಎಂಎಸ್ಸಿ ಮಾಡುವಾಗ ಮೊದಲ ಬ್ಯಾಚ್ ಪೈನ್ ಸೂಜಿಗಳನ್ನು ಪುಸ್ತಕದಲ್ಲಿ ಬರೆದಿದ್ದ ಹಾಗೆ ಆಲ್ಕೋಹಾಲ್, ಅಸಿಟೋನಿನಲ್ಲಿ ಮುಳುಗಿಸಿ ಒಣಗಿಸಿದೆ. ಪರದೆ ಮೇಲೆ ನೋಡಿದರೆ ಕೊಳವೆ ಒಂದೂ ಇಲ್ಲ, ಬೋಳು ಮೈದಾನ. ಮಾಲಿನ್ಯ ಭಯಂಕರ ಅಂತ ಬರೆಯಲು ಕೂತಿದ್ದೆ. ನಮ್ಮ ಮೇಡಂ ಬಂದು ‘ಅಸಿಟೋನಿನಲ್ಲಿ ಮೇಣ ಉಳಿಯುತ್ತದಾ ಮಾರಾಯ್ತಿ?’ ಅಂದರು. ಎರಡನೇ ಸಲ ಸುಮ್ನೆ ಗಾಳಿಯಲ್ಲಿ ಒಣಗಿಸಿದೆ, ಕೊಳವೆಗಳು ಸಾಲು ಸಾಲು ಇದ್ದವು. ಒಂದು ಸೂಜಿಯ ಮಧ್ಯೆ ಮಾತ್ರ ನಯವಾದ ಪಟ್ಟಿ, ಅದರಲ್ಲಿ ಸಮಾನಾಂತರ ಗೆರೆಗಳು. ಅದು ನನ್ನ ಹೆಬ್ಬೆಟ್ಟು.

ಕಪ್ಪುಕಾಡು | ಏಪ್ರಿಲ್ 23

ಹಹ್ಹ, ಹೆಬ್ಬೆಟ್ಟಿನ ಸಾಕ್ಷಿ.

ಇಲ್ಲೂ ಕೊನೆಗೆ ತಿಳಿದದ್ದು, ಮೇಣ ಇಡೀ ಕತೆಯ ಒಂದು ಎಳೆ ಅಂತ. ಗೋಟಿಂಗೆನ್‌ನ ಬೆರ್ನ್‌ಹಾರ್ಡ್ ಉಲ್ರಿಶ್ ಎಂಬ ವಿಜ್ಞಾನಿ, ಮಣ್ಣು ಆಮ್ಲವಾಗಿ ಅಲ್ಯೂಮಿನಿಯಂ ಬಿಡುತ್ತದೆ, ಬೇರು ಕೆಡುತ್ತದೆ ಅಂತ ವಾದಿಸಿದರು. ಬೆಟ್ಟದ ಮೇಲಿನ ಎಷ್ಟೋ ಮರಗಳಲ್ಲಿ ಹಳೆ ಸೂಜಿಗಳ ಬಿಸಿಲು ಬೀಳುವ ಮೇಲ್ಭಾಗ ಮಾತ್ರ ಹಳದಿ ಆಗುತ್ತಿತ್ತು, ಅದು ಮೆಗ್ನೀಷಿಯಂ ಕೊರತೆ. ಹೆಲಿಕಾಪ್ಟರಿನಿಂದ ಕಾಡಿಗೆ ಸುಣ್ಣ ಉದುರಿಸಿದರು. 1983ರಲ್ಲಿ ದೊಡ್ಡ ವಿದ್ಯುತ್ ಸ್ಥಾವರಗಳ ಹೊಗೆಗೆ ಕಾನೂನು ತಂದರು, ಗಂಧಕ ಇಳಿಯಿತು. ಹೆದರಿದಷ್ಟು ಕಾಡು ಸಾಯಲಿಲ್ಲ. 2018ರ ಬರ ಬಂದ ಮೇಲೆ ಹಾರ್ಟ್ಸ್‌ನಲ್ಲಿ ಬೆಟ್ಟಕ್ಕೆ ಬೆಟ್ಟವೇ ಬೂದು ಬಣ್ಣಕ್ಕೆ ತಿರುಗಿತು, ಆದರೆ ಅದನ್ನು ಮಾಡಿದ್ದು ತೊಗಟೆ ಕೊರೆಯುವ ದುಂಬಿ.

ಲಾಲ್‌ಬಾಗ್ ವಾಕರ್ | ಏಪ್ರಿಲ್ 24

ತಮಾಷೆ ಮಾಡುತ್ತಿದ್ದವನಿಗೆ ಈಗ ಡೌಟು. ಬಾಲ್ಕನಿಯಲ್ಲಿ ಕುಂಡದಲ್ಲಿ ಒಂದು ಕ್ರಿಸ್‌ಮಸ್ ಗಿಡ ಇದೆ, ಅರಾಕೇರಿಯ. ರಸ್ತೆ ಧೂಳು ಜಾಸ್ತಿ, ಅದಕ್ಕೆ ತಿಂಗಳಿಗೊಂದು ಸಲ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸ್ನಾನ ಮಾಡಿಸುತ್ತೇನೆ. ತಪ್ಪಾ? ಹಾಗೇ ಊರಲ್ಲಿ ಗಾಳಿ ಮರ ಇವೆ, ಅವಕ್ಕೂ ಇದೇ ಮೇಣ ಇರುತ್ತದಾ?

ಗಿಡಗಂಟಿ | ಏಪ್ರಿಲ್ 24

ನಿಲ್ಲಿಸಿ ಸರ್, ಇವತ್ತೇ. ಬರೀ ನೀರು ಸಾಕು.

ನಿಮ್ಮ ಗಿಡದ ದೊಡ್ಡ ಅಣ್ಣಂದಿರು ಸಿಡ್ನಿಯ ಕಡಲ ದಂಡೆಯಲ್ಲಿದ್ದಾರೆ, ನಾರ್ಫೋಕ್ ದ್ವೀಪದ ಪೈನ್ ಅಂತ. ಉಪ್ಪು ಗಾಳಿ ತಡೆಯುವುದಕ್ಕೇ ಹೆಸರಾದ ಮರ ಅದು. ಆದರೂ 1960ರ ಆಚೆ ಈಚೆ ಸಮುದ್ರದ ಕಡೆ ಮುಖ ಮಾಡಿದ ಕೊಂಬೆಗಳು ಒಣಗಲು ಶುರುವಾದವು. ಊರಿನ ಚರಂಡಿ ನೀರನ್ನು ದಂಡೆ ಹತ್ತಿರವೇ ಕಡಲಿಗೆ ಬಿಡುತ್ತಿದ್ದರು, ಅದರಲ್ಲಿ ಡಿಟರ್ಜೆಂಟು. ಅಲೆಯ ತುಂತುರಿನ ಜೊತೆ ಅದು ಎಲೆ ಮೇಲೆ ಕೂತು ಮೇಣದ ಕಾವಲು ಕೆಡಿಸಿತು, ಉಪ್ಪು ಒಳಗೆ ಇಳಿಯಿತು. ಇಟಲಿಯಲ್ಲಿ ಪೀಸಾ ಪಕ್ಕದ ಸಾನ್ ರೊಸ್ಸೋರೆ ಪೈನ್ ಕಾಡಿನಲ್ಲೂ ಇದೇ ಕತೆ. ಉಪ್ಪೊಂದನ್ನೇ ತಡೆದ ಮರ ಸೋಪು ಸೇರಿದಾಗ ಸೋತಿತು.

ಗಾಳಿ ಮರ ಈ ಗುಂಪಿನದೇ ಅಲ್ಲ. ನೋಡಲು ಸೂಜಿ ಹಾಗೆ ಇರುವುದು ಅದರ ಎಳೆ ಕಡ್ಡಿ, ನಿಜವಾದ ಎಲೆ ಗೆಣ್ಣಿನಲ್ಲಿ ಸಣ್ಣ ಹಲ್ಲಿನ ಹಾಗೆ ಅಂಟಿಕೊಂಡಿರುತ್ತದೆ. ಅದು ಹೂ ಬಿಡುವ ಮರ.

ಮಲ್ನಾಡ್ ಮಿಶಿಗನ್ | ಏಪ್ರಿಲ್ 27

ಮಗಳ ಸ್ಕೂಲ್ ಪ್ರಾಜೆಕ್ಟಿನ ಭೂತಗನ್ನಡಿ ಸಿಕ್ಕಿತು. ಊಟದ ಟೇಬಲ್ಲಿನ ಮೇಲೆ ಮೂರು ರೆಂಬೆ ಇಟ್ಟು ಎಣಿಸಿದೆವು. ಮೊಗ್ಗಿನ ಸಿಪ್ಪೆ ಉಂಗುರ ಗೊತ್ತಾದ ಮೇಲೆ ಸುಲಭ.

ಮೊದಲು ಹನಿ. ಇಂಕ್ ಫಿಲ್ಲರಿನಲ್ಲಿ ನೀರು ಬಿಟ್ಟೆವು. ಮುಂದಿನ ಮರದ ಹೋದ ವರ್ಷದ ಸೂಜಿ ಮೇಲೆ ಕೆಸುವಿನ ಎಲೆ ಮೇಲಿನ ಹಾಗೆ ಮುತ್ತು, ಅಲ್ಲಾಡಿಸಿದರೆ ಉರುಳಿ ಬಿತ್ತು. ಅದೇ ರೆಂಬೆಯ ಮೂರು ವರ್ಷದ ಸೂಜಿಯಲ್ಲಿ ಅರ್ಧ ಗುಂಡು, ಅಂಟಿಕೊಂಡೇ ಇತ್ತು. ಎಣ್ಣೆ ಬಿದ್ದದ್ದರಲ್ಲಿ ಎಳೆಯದು ಹಳೆಯದು ಭೇದವೇ ಇಲ್ಲ, ಎಲ್ಲಾ ಕಡೆ ನೀರು ಹರಡಿತು. ಒಂದೇ ರಾತ್ರಿಯಲ್ಲಿ ಮರಕ್ಕೆ ಮುದಿತನ ತಂದುಬಿಟ್ಟೆ.

ಆಮೇಲೆ ಭೂತಗನ್ನಡಿ. ಸೂಜಿಯ ನಾಲ್ಕೂ ಮುಖದಲ್ಲಿ ಬಿಳಿ ಚುಕ್ಕೆಗಳ ಸಾಲು, ರಂಗೋಲಿ ಚುಕ್ಕಿ ಇಟ್ಟ ಹಾಗೆ. ಆದರೆ ಕೆಳಗಿನ ಕೊಂಬೆಯ ಎರಡು ವರ್ಷದ ಕಂದು ಸೂಜಿಗಳಲ್ಲಿ ಅದೇ ಸಾಲಿನಲ್ಲಿ ಕಪ್ಪು ಚುಕ್ಕೆ. ಎಣ್ಣೆ ಬೀಳದ ಕಡೆಯಲ್ಲೂ ಇವೆ! ಮಗಳು ತೋರಿಸಿದ್ದು: ಕೆಲವು ಕಪ್ಪು ಚುಕ್ಕೆಯ ತಲೆ ಮೇಲೆ ಸಣ್ಣ ಬಿಳಿ ಟೋಪಿ.

ಗಿಡಗಂಟಿ | ಏಪ್ರಿಲ್ 27

ಮಗಳಿಗೆ ನನ್ನ ಕಡೆಯಿಂದ ಒಂದು ಚಾಕೊಲೇಟ್ ಕೊಡಿಸಿ. ಆ ಬಿಳಿ ಟೋಪಿಯೇ ಉತ್ತರ.

ಬಿಳಿ ಚುಕ್ಕೆ ಒಂದೊಂದೂ ಸೂಜಿ ಉಸಿರಾಡುವ ರಂಧ್ರ, ಬಾಯಿಗೆ ಮೇಣದ ಬಿರಡೆ. ಅದೂ ಕೊಳವೆಗಳದೇ, ಹತ್ತಿ ತುರುಕಿದ ಹಾಗೆ. ಗಾಳಿ ನುಸುಳುತ್ತದೆ, ನೀರು ಮಾತ್ರ ಬೇಗ ಆವಿಯಾಗುವುದಿಲ್ಲ. 1971ರಲ್ಲಿ ಜೆಫ್ರಿ ಮತ್ತು ಸಂಗಡಿಗರು ಸಿಟ್ಕಾ ಸ್ಪ್ರೂಸ್‌ನಲ್ಲಿ ಇದರ ಲೆಕ್ಕ ಹಾಕಿದ್ದರು. ಈ ಬಿರಡೆಯಿಂದ ನೀರಿನ ನಷ್ಟ ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆ ಆಗುತ್ತದೆ, ಆಹಾರ ತಯಾರಿ ಕಡಿಮೆ ಆಗುವುದು ಮೂರರಲ್ಲಿ ಒಂದು ಪಾಲು ಮಾತ್ರ. ಲಾಭದ ವ್ಯಾಪಾರ. ಗುಂಡಿಯೊಳಗೆ ಇರುವುದರಿಂದ ಮೈ ಮೇಲಿನ ಮೇಣ ಸವೆದ ಮೇಲೂ ಇದು ಬಹಳ ಕಾಲ ಉಳಿಯುತ್ತದೆ. ಹಳೆಯ ಹಸಿರು ಸೂಜಿಯಲ್ಲೂ ನಿಮಗೆ ಬಿಳಿ ಚುಕ್ಕೆ ಕಾಣಿಸಿದ್ದು ಅದಕ್ಕೇ.

ಕಪ್ಪು ಚುಕ್ಕೆ ರೈಜೋಸ್ಫೀರ ಎಂಬ ಶಿಲೀಂಧ್ರ. ಸೂಜಿಯ ಒಳಗೆ ಬೆಳೆದು, ಬೀಜಕಣ ಉದುರಿಸಲು ಅದೇ ರಂಧ್ರದಿಂದ ತಲೆ ಹೊರಗೆ ಹಾಕುತ್ತದೆ, ಹಾಕುವಾಗ ಮೇಣದ ಬಿರಡೆಯನ್ನು ತಲೆ ಮೇಲೆ ಹೊತ್ತುಕೊಂಡೇ ಬರುತ್ತದೆ. ಸೋಂಕು ತಗಲುವುದು ವಸಂತದಲ್ಲಿ ಹೊಸ ಚಿಗುರಿಗೆ, ಕಂದಾಗುವುದು ಮುಂದಿನ ವರ್ಷ. ಅಂದರೆ ಈಗ ಕಾಣುತ್ತಿರುವುದು ಹಳೆಯ ಪಾಪ, ನಿಮ್ಮ ಎಣ್ಣೆ ಬರುವ ಮೊದಲೇ ಆದದ್ದು. ನೀಲಿ ಸ್ಪ್ರೂಸ್ ರಾಕಿ ಬೆಟ್ಟದ ಒಣ ಹವೆಯ ಮರ, ಕೊಲೊರಾಡೊದ ರಾಜ್ಯ ವೃಕ್ಷ. ನಿಮ್ಮ ಮಿಶಿಗನ್‌ನ ತೇವ ಅದಕ್ಕೆ ಒಗ್ಗುವುದಿಲ್ಲ, ಅದರಲ್ಲೂ ಗಾಳಿ ಆಡದ ಕೆಳಗಿನ ಕೊಂಬೆಗೆ.

ಒಣಗಿದ ಕೆಳಗಿನ ಕೊಂಬೆಗಳನ್ನು ಒಣ ದಿನ ನೋಡಿ ಕತ್ತರಿಸಿ. ಸ್ಪ್ರಿಂಕ್ಲರ್ ನೀರು ಮರದ ಮೇಲೆ ಬೀಳದ ಹಾಗೆ ತಿರುಗಿಸಿ. ಹೊಸ ಸೂಜಿ ಅರ್ಧ ಉದ್ದ ಬಂದಾಗ ತಾಮ್ರದ ಔಷಧಿ ಒಂದು ಸಲ, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು ಸಲ. ಮುಂದಿನ ವರ್ಷವೂ ಹೊಡೆಯಬೇಕು. ಈ ಸಲ ಬಾಟಲಿ ಹಿಂದಿನ ಅಕ್ಷರ ಮೊದಲೇ ಓದಿ.

ಮಲ್ನಾಡ್ ಮಿಶಿಗನ್ | ಏಪ್ರಿಲ್ 28

ತಾಮ್ರ ಅಂದರೆ ತುತ್ತ ಸುಣ್ಣ ತಾನೇ? ಅಯ್ಯೋ, ಅದು ನಮ್ಮ ಮನೆ ಔಷಧಿ. ಅಡಿಕೆ ಕೊಳೆರೋಗಕ್ಕೆ ಅಪ್ಪ ಮಳೆಗಾಲದ ಮುಂಚೆ ಡ್ರಮ್ಮಿನಲ್ಲಿ ಕಲಸುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಡಿಕೆ ಕಾಯಿ ಮೇಲೂ ನೀರು ನಿಲ್ಲುವುದಿಲ್ಲ, ಜಾರುತ್ತದೆ, ಅದಕ್ಕೆ ರಾಳದ ಅಂಟು ಸೇರಿಸುತ್ತಿದ್ದರು. ಇಲ್ಲೂ ಸೇರಿಸಲಾ?

ಗಿಡಗಂಟಿ | ಏಪ್ರಿಲ್ 28

ಬೇಡ. ಡಬ್ಬಿಯಲ್ಲಿ ಬರೆದದ್ದನ್ನು ಬಿಟ್ಟು ಅಂಟು, ಸೋಪು ಏನೂ ಬೇಡ. ಮೇಣದಿಂದ ಜಾರದಿರಲಿ ಅಂತ ಹಾಕುವ ಅಂಟು ಮೇಣವನ್ನೇ ಕೆಡಿಸಿದರೆ ಮತ್ತೆ ಇಲ್ಲಿಗೇ ಬಂದು ಬರೆಯುತ್ತೀರಿ. ನಿಮ್ಮ ಕಡೆಯ ಅಂಗಡಿಯ ತಯಾರಿ ಔಷಧಿಯನ್ನೇ ತಗೊಳ್ಳಿ. ಅಂದ ಹಾಗೆ ಆ ರಾಳ ಬರುವುದೂ ಪೈನ್ ಮರದಿಂದಲೇ.

ತರಕಾರಿ ತಿಮ್ಮಣ್ಣ | ಏಪ್ರಿಲ್ 28

ನುಸಿ ಏನಾಯ್ತು? ಅದನ್ನು ಎಲ್ಲರೂ ಮರೆತರು.

ಮಲ್ನಾಡ್ ಮಿಶಿಗನ್ | ಏಪ್ರಿಲ್ 29

ನಿಜ ತಿಮ್ಮಣ್ಣ! ಮತ್ತೆ ಹಾಳೆ ಹಿಡಿದು ಬಡಿದೆ. ಹಸಿರು ಭಾಗದಲ್ಲಿ ಒಂದೂ ಇಲ್ಲ. ನೀಲಿ ಭಾಗದಲ್ಲಿ ಏಳೆಂಟು. ಅದಕ್ಕೆ ಎಣ್ಣೆ ಮುಟ್ಟಿಸಲ್ಲ, ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ತೊಳೆದೆ, ಬಿಸಿಲಿಗೆ ಬೇಗ ಒಣಗಲಿ ಅಂತ ಬೆಳಿಗ್ಗೆಯೇ.

ಮಲ್ನಾಡ್ ಮಿಶಿಗನ್ | ಜೂನ್ 14

ಕೇಳಿದವರಿಗೆ ಅಪ್‌ಡೇಟ್. ಕೆಳಗಿನ ಒಂದು ಸುತ್ತು ಕೊಂಬೆ ತೆಗೆದೆ. ಮೇ ಮಧ್ಯದಲ್ಲಿ ಚಿಗುರು ಬಂತು, ಮೊದಲು ಎಳೆ ಹುಣಸೆ ಚಿಗುರಿನ ಹಾಗೆ ಮೆತ್ತಗೆ, ಈಗ ತುದಿ ಎಲ್ಲಾ ನೀಲಿ. ಹಸಿರಾಗಿದ್ದ ಅರ್ಧದಲ್ಲೂ! ಒಳಗೆ ಹಸಿರು, ಮೇಲೆ ನೀಲಿ ಅಂಚು, ಇಳಕಲ್ ಸೀರೆ ಸೆರಗಿನ ಹಾಗೆ ಕಾಣುತ್ತದೆ. ಹೊಸ ಸೂಜಿ ಮೇಲೆ ಹನಿ ಬಿಟ್ಟರೆ ನಿಲ್ಲುವುದೇ ಇಲ್ಲ, ಉರುಳಿ ಹೋಗುತ್ತದೆ.

ತಾಮ್ರ ಎರಡನೇ ಸಲ ನಿನ್ನೆ ಹೊಡೆದೆ. ಹಳೆಯ ಹಸಿರು ಸೂಜಿಗಳ ಮೇಲೆಲ್ಲ ಔಷಧಿ ಒಣಗಿ ತಿಳಿ ನೀಲಿ ಕಲೆ ಕೂತಿದೆ. ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ, ‘ಇಷ್ಟೇ ಆಗಿದ್ದರೆ ಏಪ್ರಿಲ್‌ನಲ್ಲೇ ಹೊಡೆಯಬಹುದಿತ್ತಲ್ಲ’ ಅಂದಳು.